ಮಾವನವರ ಸಿಗ್ನಲ್ ಕಂಬ

ಒಳ್ಳೆಯದಾಗಲಿ ಅಂತ ನಮ್ಮ ಮನೆಯಲ್ಲಿ ಯಾರು ಏನು ಮಾಡಿದರೂ ಅದು ನೇರವಾಗಿ ನನ್ನ ತಲೆಯ ಮೇಲೇ ಬಂದು ಬೀಳುತ್ತದೆ. ಈಗ ನಲವತ್ತು ದಾಟಿದ ಮೇಲೆ ತಲೆ ಗಟ್ಟಿಯಾಗಿದೆ. ಆಗ ಇನ್ನೂ ಮೆತ್ತಗಿತ್ತು.

ಆಗ ಅಂದರೆ ತುಂಗಭದ್ರಾ ಕಾಲುವೆಯ ಅಗೆತ ನಡೆದಿದ್ದ ಕಾಲ. ಬಿ.ಎ. ಮುಗಿಸಿ ಮಸ್ಕಿಗೆ ಸೊಸೆಯಾಗಿ ಬಂದಿದ್ದೆ. ಮನೆಯವರಿಗೆ ಸಿಂಧನೂರಿನ ಕಾಲುವೆ ಕಚೇರಿಯಲ್ಲಿ ಕೆಲಸ. ಊರಿಗೆ ಬರುವುದು ಭಾನುವಾರ ಮಾತ್ರ. ನನಗೆ ಲಿಂಗಸುಗೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಹಂಗಾಮಿ ನೌಕರಿ ಸಿಕ್ಕಿತ್ತು. ಆರು ತಿಂಗಳು ನೆಟ್ಟಗೆ ಕಳೆದರೆ ಖಾಯಂ. ಅಷ್ಟರಲ್ಲಿ ಮೂರು ಸಲ ತಡವಾಗಿ ಹೋದರೆ ಸೀದಾ ಮನೆಗೆ. ಸಿಂಧನೂರಿನಿಂದ ಬಂದು ಲಿಂಗಸುಗೂರಿಗೆ ಹೋಗುವ ಮೋಟಾರು ಬೆಳಿಗ್ಗೆ ಒಂದೇ ಒಂದು. ಡ್ರೈವರನಿಗೆ ಮನಸ್ಸು ಬಂದರೆ ನಮ್ಮ ಮನೆ ಮುಂದೆ ನಿಲ್ಲಿಸುತ್ತಿದ್ದ, ಇಲ್ಲದಿದ್ದರೆ ಇಲ್ಲ. ನಾನು ಸೆರಗು ಬಿಗಿಹಿಡಿದು ಅದರ ಹಿಂದೆ ಓಡುವುದನ್ನು ನೋಡಲಾರದೆ ಮಾವನವರು ಒಂದು ಉಪಾಯ ಹೂಡಿದರು.

ಕಂಬ ಬಂತು

ಶೇಂಗಾ ಮಾರಲು ಮಾವನವರು ರಾಯಚೂರಿಗೆ ಹೋಗಿದ್ದರು. ಅಲ್ಲಿ ಮುಂಬೈ–ಮದ್ರಾಸಿನ ದೊಡ್ಡ ಲೈನಿನಲ್ಲಿ ಹಳೇ ಸಿಗ್ನಲ್‌ಗಳನ್ನು ಕಿತ್ತು ಹೊಸವನ್ನು ನೆಡುತ್ತಿದ್ದರು, ಕಿತ್ತವು ಹರಾಜಿಗಿದ್ದವು. ಮಾವನವರು ಒಂದನ್ನು ಕೊಂಡರು. ಕಂಬ, ಹತ್ತುವ ಏಣಿ, ತುದಿಯಲ್ಲಿ ಕೆಂಪು ಬಳಿದ ಉದ್ದನೆಯ ಕೈ, ಆ ಕೈಯನ್ನು ಆಡಿಸುವ ತಂತಿ, ಹಿಡಿಕೆ, ಎಲ್ಲ ಸಮೇತ ಎರಡು ಬಂಡಿ ಜೋಡಿಸಿ ಹೇರಿಕೊಂಡು ಹೊರಟರು.

ಸಿಂಧನೂರಿನಲ್ಲಿ ಜನ ಬಂಡಿ ಸುತ್ತಿಕೊಂಡರು. “ಏನ್ರೀ ಸಾವ್ಕಾರ್ರ, ರೈಲು ಬರಾಕತ್ತೈತೇನು?”

“ಮೊದಲು ಕಂಬ ಬರತೈತಿ, ಹಿಂದ ರೈಲು ಬರತೈತಿ,” ಅಂದರು ಮಾವನವರು. ಅವರಿಗೇನು, ತಮಾಷೆ.

ಮೂರನೇ ದಿನಕ್ಕೆ ಬಳಗಾನೂರಿನ ರೈತನೊಬ್ಬ ಬಂದು ನಮ್ಮ ಕಟ್ಟೆಯ ಮೇಲೆ ಕೂತ. “ಅಕ್ಕೋರ, ಓದಿದವ್ರು ನೀವು. ಒಂದು ಅರ್ಜಿ ಬರಕೊಡ್ರಿ. ರೈಲು ನನ್ನ ಹೊಲದಾಗ ಹಾಯೋದು ಬ್ಯಾಡ. ನಮ್ಮಣ್ಣನ ಹೊಲದಾಗ ಹಾಯ್ಲಿ.”

“ರೈಲು ಬರೋದೇ ಇಲ್ಲಪ್ಪಾ.”

“ಬರಲಾರದ್ದಕ್ಕ ಕಂಬ ಯಾಕ ತಂದ್ರಿ ಮತ್ತ?”

ನನ್ನ ಬಿ.ಎ.ಯನ್ನು ಪಕ್ಕಕ್ಕಿಟ್ಟು ಪೆನ್ನು ಹಿಡಿದೆ. ಬರೆದುಕೊಟ್ಟೆ. ಸಂಜೆ ಅವನ ಅಣ್ಣ ಬಂದ. ಅವನಿಗೂ ಅದೇ ಅರ್ಜಿ ಬೇಕಿತ್ತು, ಹೆಸರು ಮಾತ್ರ ಹಿಂದುಮುಂದು.

ಏಳಬೇಕೋ, ಇಳಿಯಬೇಕೋ

ಕಂಬ ನಮ್ಮ ಮನೆಯ ಮಾಳಿಗೆಗೆ ಒತ್ತಿಕೊಂಡು, ರಸ್ತೆಯ ಅಂಚಿಗೆ ನಿಂತಿತು. ಮೋಟಾರಿನ ಡ್ರೈವರ್ ಮೊದಲು ರೈಲಿನ ಎಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದವನು. ಮಾವನವರು ಅವನಿಗೆ ಒಂದು ತಂಬಿಗೆ ಮಜ್ಜಿಗೆ ಕುಡಿಸಿ ಹೇಳಿದರು: “ಕೈ ಅಡ್ಡ ಇದ್ರ ನಿಂದರಬೇಕು. ನನ್ನ ಸೊಸಿ ಹತ್ತಿದ ಮ್ಯಾಲ ನಾ ತಂತಿ ಎಳೀತೀನಿ. ಆವಾಗ ಹೋಗಬೇಕು.”

“ಸಿಗ್ನಲ್ ಅಂದ್ರ ನನಗ ದೇವರಿದ್ದಂಗ್ರೀ,” ಅಂದ ಅವನು.

ಮರುದಿನ ಕೈ ಅಡ್ಡ ಇತ್ತು, ಮೋಟಾರು ನಿಂತಿತು. ನಾನು ಹತ್ತಿದೆ. ಮಾವನವರು ಹಿಡಿಕೆ ಎಳೆದರು, ಕೈ ಕೆಳಗಿಳಿಯಿತು. ಮೋಟಾರು ಮಾತ್ರ ಅಲ್ಲಾಡಲಿಲ್ಲ.

“ಹೋಗಲೇ, ಕೈ ಇಳಿಸೀನಿ!”

“ಇಳಿಸಿದ್ರ ಹೆಂಗ ಹೋಗಲ್ರೀ? ಮ್ಯಾಲ ಏಳಬೇಕು. ಹೊಸಾ ಸಿಗ್ನಲ್ ಹಂಗ. ನಾ ಕಡೀ ವರ್ಷ ಹೊಸಾದ್ರಾಗ ದುಡಿದೀನಿ.”

“ಇದು ಹಳೇದು! ಹಳೇದ್ರಾಗ ಕೈ ಇಳಿದ್ರ ದಾರಿ ಖುಲ್ಲಾ.”

ಪ್ರಯಾಣಿಕರು ಇಳಿದು ಎರಡು ಪಂಗಡವಾದರು. ಜನ್ಮದಲ್ಲಿ ರೈಲು ಕಾಣದವರದೇ ದನಿ ದೊಡ್ಡದು. ಕೈ ಅಡ್ಡ ಇದ್ದರೆ ನಿಲ್ಲಬೇಕು ಎಂಬ ಒಂದೇ ಮಾತಿನಲ್ಲಿ ಎರಡೂ ಕಡೆಯವರಿಗೆ ಒಮ್ಮತವಿತ್ತು. ಆದ್ದರಿಂದ ತೀರ್ಮಾನವಾಗುವತನಕ ಕೈಯನ್ನು ಅಡ್ಡವೇ ಇಟ್ಟರು, ಮೋಟಾರೂ ನಿಂತೇ ಇತ್ತು. ಕೊನೆಗೆ ಮಾವನವರ ವಯಸ್ಸಿಗೆ ಬೆಲೆ ಕೊಟ್ಟು, ಇಳಿದರೆ ಹೋಗುವುದು ಅಂತಾಯಿತು.

ಶಾಲೆಯ ಹೆಡ್‌ಮಿಸ್ಟ್ರೆಸ್ ಗಡಿಯಾರ ನೋಡಿ, ತಡವಾದದ್ದಕ್ಕೆ ಕಾರಣ ಬರೆಯಿರಿ ಅಂದರು. ನಿಜವನ್ನೇ ಬರೆದೆ: ‘ಸಿಗ್ನಲ್ ಬೀಳಲಿಲ್ಲ.’

ಅವರು ಕನ್ನಡಕ ತೆಗೆದರು. “ಮಸ್ಕಿಗೆ ರೈಲು ಯಾವಾಗ ಬಂತ್ರೀ?”

ಒಂದನೇ ತಡ.

ಒದ್ದೆ ಸೀರೆ

ಇಷ್ಟು ದೊಡ್ಡ ಕಬ್ಬಿಣದ ಕೈ ಮಾಳಿಗೆಯ ಪಕ್ಕದಲ್ಲೇ ದಿನವಿಡೀ ಸುಮ್ಮನೆ ಚಾಚಿಕೊಂಡಿರುವುದನ್ನು ನಮ್ಮತ್ತೆ ಸಹಿಸಲಿಲ್ಲ. ಒಂದು ಬೆಳಿಗ್ಗೆ ತಮ್ಮ ಇಳಕಲ್ ಸೀರೆ ಒಗೆದು, ಹಿಂಡದೆ, ಮಾಳಿಗೆಯಿಂದಲೇ ಅದರ ತುದಿಗೆ ಹಾಕಿದರು. ಭಾರಕ್ಕೆ ಕೈ ಕೆಳಗೆ ಬಾಗಿತು.

ನಾನು ಬುತ್ತಿ ಹಿಡಿದು ಹೊಸ್ತಿಲು ದಾಟುವುದಕ್ಕೂ ಮೋಟಾರು ನಿಲ್ಲದೆ, ಧೂಳೆಬ್ಬಿಸಿ ಮುಂದೆ ಹೋಗುವುದಕ್ಕೂ ಸರಿಹೋಯಿತು. ಡ್ರೈವರ್ ಕಂಬಕ್ಕೆ ಸಲಾಮು ಬೇರೆ ಹೊಡೆದ. ನಾನು ಹತ್ತಿ ಹೇರಿದ ಲಾರಿಯವನೊಬ್ಬನನ್ನು ಕಾಡಿ ಬೇಡಿ, ಅದರಲ್ಲಿ ಕೂತು ಲಿಂಗಸುಗೂರು ಸೇರುವಾಗ ಎರಡನೇ ಪಿರಿಯಡ್ ಮುಗಿದಿತ್ತು.

“ಅತ್ತೀ, ಸೀರಿ ಅಲ್ಲೇ ಹಾಕಬೇಕಿತ್ತೇನ್ರೀ?”

“ಗಾಳಿ ಎಲ್ಲೈತಿ ಅಲ್ಲೇ ಹಾಕಬೇಕವ್ವಾ. ಕಾಲೇಜಿನಾಗ ಇದನ್ನೂ ಕಲಸಿಲ್ಲೇನು?”

ಭಾನುವಾರ ಬಂದ ಮನೆಯವರು ಎಲ್ಲ ಕೇಳಿ ಖುಷಿಪಟ್ಟರು. ಹಳೆಯ ಸಿಗ್ನಲ್ಲಿನ ದೋಷವೇ ಅದಂತೆ. ಏನಾದರೂ ಕೆಟ್ಟರೆ ಕೈ ತಾನೇ ಬಿದ್ದು ‘ಹೋಗು’ ಅನ್ನುವ ಭಯ. ಹೊಸದರಲ್ಲಿ ಬಿದ್ದರೂ ‘ನಿಲ್ಲು’ ಅಂತಲೇ ಬೀಳುತ್ತದೆ. ದೊಡ್ಡ ದೊಡ್ಡ ಎಂಜಿನಿಯರುಗಳು ತಲೆ ಕೆಡಿಸಿಕೊಂಡು ಕಂಡುಹಿಡಿದದ್ದನ್ನು ನಮ್ಮತ್ತೆ ಒಂದು ಒದ್ದೆ ಸೀರೆಯಲ್ಲಿ ತೋರಿಸಿಕೊಟ್ಟಿದ್ದರು.

ಅವರ ಸೀರೆ ಒಣಗಿತು. ನನ್ನದು ಎರಡನೇ ತಡ.

ಹೊಸ ಪದ್ಧತಿ

ಮಗನ ಮಾತು ಕೇಳಿದ್ದೇ ತಡ, ಮಾವನವರು ಕಮ್ಮಾರನನ್ನು ಕರೆಸಿ ಸಿಗ್ನಲ್ಲನ್ನು ಸುಧಾರಿಸಿದರು. ಇನ್ನು ಕೈ ಮೇಲೆದ್ದರೆ ಹೋಗಬೇಕು. ಬಿಟ್ಟರೆ ತಾನೇ ಬಿದ್ದು ಅಡ್ಡ ನಿಲ್ಲುತ್ತದೆ. ಮಾಳಿಗೆಗೆ ನಿಲುಕದಂತೆ ಅದನ್ನು ರಸ್ತೆಯ ಕಡೆ ತಿರುಗಿಸಿದರು. ಅತ್ತೆ ಮುಟ್ಟದಿರಲಿ ಅಂತ ಕೆಳಗಿನ ಹಿಡಿಕೆಗೆ ಬೀಗ ಹಾಕಿ ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡರು. “ಇನ್ನ ಯಾವ ಭಯಾನೂ ಇಲ್ಲ ನೋಡವಾ,” ಅಂದರು.

ನನ್ನ ನೌಕರಿ ಖಾಯಂ ಮಾಡಲು ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬರುವ ದಿನ. ಮಾವನವರು ನಸುಕಿನಲ್ಲೇ ಪಾಮನಕಲ್ಲೂರಿಗೆ ಎತ್ತು ನೋಡಲು ಹೋಗಿದ್ದರು. ಉಡದಾರವೂ ಜೊತೆಗೇ ಹೋಗಿತ್ತು.

ಮೋಟಾರು ಬಂತು. ಕೈ ಅಡ್ಡ. ನಿಂತಿತು. ನಾನು ಹತ್ತಿ ಕೂತೆ.

“ಬಿಡಪ್ಪಾ, ಮಾವಾರು ಊರಾಗಿಲ್ಲ.”

“ಕೈ ಅಡ್ಡ ಐತ್ರೀ ಅಕ್ಕೋರ. ಹನ್ನೆರಡು ವರ್ಷ ಕಲ್ಲಿದ್ದಲು ಹಾಕೀನಿ. ಅಡ್ಡ ಕೈ ದಾಟಿದವನಲ್ಲ.”

ಮುಂದಿನ ಸೀಟಿನಲ್ಲಿ ಕರಿ ಕೋಟಿನವರೊಬ್ಬರು ಬೆವರೊರೆಸಿಕೊಂಡು ಗುಡುಗಿದರು: “ಹತ್ತೂವರಿಗೆ ಲಿಂಗಸುಗೂರಾಗ ಹೆಣ್ಮಕ್ಕಳ ಸಾಲಿ ತಪಾಸಣಿ ಐತಿ ನಂದು! ಯಾವ ಮೂರ್ಖ ನೆಟ್ಟಾನ ಈ ಕಂಬಾ?”

ಇವರೇ ಆ ಇನ್‌ಸ್ಪೆಕ್ಟರ್ ಸಾಹೇಬರು! ಇಳಿದೆ. ಸೀರೆಯ ಕಚ್ಚೆ ಕಟ್ಟಿ, ಇಡೀ ಮಸ್ಕಿ ನೋಡುತ್ತಿರುವಾಗ ಏಣಿ ಹತ್ತಿದೆ. ಕೈಗೆ ಹೆಗಲು ಕೊಟ್ಟು ಉಸಿರು ಕಟ್ಟಿ ಮೇಲೆತ್ತಿದೆ.

ಡ್ರೈವರ್ ತಲೆಯೆತ್ತಿ ನೋಡಿದ. ಕೈ ಎದ್ದಿತ್ತು. ಸಲಾಮು ಹೊಡೆದು ಮೋಟಾರು ಬಿಟ್ಟೇಬಿಟ್ಟ. ನಾನು ಕಂಬದ ಮೇಲೆ.

“ಲೇ! ನಾ ಇನ್ನೂ ಹತ್ತಿಲ್ಲೋ!”

“ಕೈ ಎದ್ದ ಮ್ಯಾಲ ನಿಂದರಬಾರದ್ರೀ!” ಅನ್ನುವ ಕೂಗು ಧೂಳಿನೊಳಗಿಂದ ಬಂತು.

ಕಾಲುವೆ ಕೆಲಸದ ಸಿಮೆಂಟು ಲಾರಿಯಲ್ಲಿ, ಸಿಮೆಂಟಿನದೇ ಬಣ್ಣಕ್ಕೆ ತಿರುಗಿ ನಾನು ಶಾಲೆ ಮುಟ್ಟಿದಾಗ ಹೆಡ್‌ಮಿಸ್ಟ್ರೆಸ್ ರಿಜಿಸ್ಟರ್ ತೆರೆದು ಕಾಯುತ್ತಿದ್ದರು. “ಮೂರನೇದು,” ಅಂದರು. ಪಕ್ಕದಲ್ಲಿ ಕರಿ ಕೋಟು.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಕಂಬದ ಮ್ಯಾಲಿದ್ದಾಕಿ ನೀವ ಏನ್ರೀ?”

“ಹೌದ್ರೀ ಸಾಹೇಬ್ರ.”

“ಇದು ತಡ ಅಂತ ಬರೀಬ್ಯಾಡ್ರಿ,” ಅಂದರು ಹೆಡ್‌ಮಿಸ್ಟ್ರೆಸ್‌ಗೆ. “ಈಕಿ ಮ್ಯಾಲ ಹತ್ತಲಿಲ್ಲಂದ್ರ ನಾ ಇನ್ನೂ ಮಸ್ಕ್ಯಾಗ ಕುಂತಿರತಿದ್ದೆ.” ಖಾಯಂ ಕಾಗದಕ್ಕೆ ಅಲ್ಲೇ ರುಜು ಹಾಕಿದರು. ಪೆನ್ನು ಮುಚ್ಚುತ್ತಾ ಕೇಳಿದರು: “ಅದಿರಲಿ, ಆ ಮೂರ್ಖ ಯಾರು?”

“ಗೊತ್ತಿಲ್ರೀ ಸಾಹೇಬ್ರ,” ಅಂದೆ. ಖಾಯಂ ನೌಕರಿಯಲ್ಲಿ ಹೇಳಿದ ಮೊದಲ ಸುಳ್ಳು.

ಸಂಜೆ ಮನೆಗೆ ಬಂದು, ಪಾಮನಕಲ್ಲೂರಿನಿಂದ ಮರಳಿದ್ದ ಮಾವನವರೆದುರು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಏಣಿ, ಕಚ್ಚೆ, ಕೂಡಿದ್ದ ಜನ, ಕೆತ್ತಿಹೋದ ಹೆಗಲು, ಸಿಮೆಂಟು. ಅವರು ತಲೆಯಾಡಿಸುತ್ತ ಪೂರ್ತಿ ಕೇಳಿದರು. ಆಮೇಲೆ ಬಹಳ ನೊಂದವರಂತೆ ಅಂದರು:

“ಅಷ್ಟು ಮ್ಯಾಲ ಹೋಗಿದ್ದಿ, ಹಂಗ ಕೈ ತಿರುಗೋ ಕೀಲಿಗೆ ಒಂದೀಟು ಎಣ್ಣಿ ಬಿಟ್ಟು ಬರಬಾರದಾಗಿತ್ತೇನವಾ?”