ಉಜ್ಜಿ ಹೋದ ಗೆರೆಗಳು

ಜಪಾನಿನ ಸುವಾ ಸರೋವರದ ದಡದ ಆ ಕಾರ್ಖಾನೆಯಲ್ಲಿ ಬೆಳಗಿನ ಶುಚಿ ಕೆಲಸ ಯಾರೂ ತಪ್ಪಿಸುವಂತಿಲ್ಲ. ಆವತ್ತು ಮುದುಕ ಹಿರುಕಾವಾ ಬಟ್ಟೆ ಹಿಡಿದದ್ದೇ ಎಂಜಿನಿಯರ್ ಮಿನೋವಾನ ಗ್ರಹಚಾರ ಕೆಡಲು ಕಾರಣವಾಯಿತು.

ಅವನು ಉಜ್ಜಿದ್ದು ಮಿನೋವಾನ ಶಾಫ್ಟನ್ನು; ಎಣ್ಣೆಯಿಲ್ಲದೆ, ಬರೀ ಗಾಳಿಯ ಪದರದ ಮೇಲೆ ತೇಲಿ ತಿರುಗುವ ಉಕ್ಕಿನ ದಂಡ ಅದು. ಗಾಳಿಯನ್ನು ಒಳಗೆಳೆದು ಘರ್ಷಣೆ ತಗ್ಗಿಸಲೆಂದು ಅದರ ಮೈಮೇಲೆ ಕೂದಲಿಗಿಂತ ಸಣ್ಣ ಗೆರೆಗಳನ್ನು ಮಿನೋವಾ ಮೂರು ತಿಂಗಳು ಕೂತು ಕೊರೆದಿದ್ದ. ಹನ್ನೊಂದಕ್ಕೆ ಗಿರಾಕಿಗಳೆದುರು ಪರೀಕ್ಷೆ. ಘರ್ಷಣೆ ಅರ್ಧಕ್ಕಿಳಿದರೆ ಅವನಿಗೆ ಸಂಶೋಧನಾ ವಿಭಾಗದ ಕುರ್ಚಿ, ಇಲ್ಲದಿದ್ದರೆ ದೂರದ ಹಿಮನಾಡು ಹೊಕ್ಕೈಡೊ ತುದಿಯ ಗೋದಾಮಿಗೆ ವರ್ಗ.

"ಎಷ್ಟು ಗೀರು ಬಿದ್ದಿತ್ತು ಮಿನೋವಾ-ಸಾನ್! ಬಂದವರ ಮುಂದೆ ಮಾನ ಹೋಗ್ತಿತ್ತು. ಹೊಳಪಿನ ಪುಡಿ ಹಾಕಿ ಒಂದು ಗಂಟೆ ಕೂತು ಉಜ್ಜಿದೀನಿ ನೋಡಿ," ಎಂದ ಹಿರುಕಾವಾ. ನಲವತ್ತು ವರ್ಷದಿಂದ ಹೊಳಪು ಕೊಡುವುದೇ ಅವನ ಕಸುಬು.

"ಅಯ್ಯೋ, ಅದು ಗೀರಲ್ಲ ಕಣ್ರೀ! ನನ್ನ ಬದುಕು!"

ಭೂತಗನ್ನಡಿ ಹಿಡಿದು ನೋಡಿದರೆ ಗೆರೆಗಳ ಆಳ ಅರ್ಧ ಮಾಯ. ತಪಾಸಣೆ ವಿಭಾಗದ ಕಾಮಿಜೋ ಬಾಯಿ ಹಾಕಿದಳು: "'ಉಜ್ಜಬೇಡಿ' ಅಂತ ಒಂದು ಚೀಟಿ ಅಂಟಿಸೋಕೆ ನಿಮಗೇನಾಗಿತ್ತು?"

ಮುಖ್ಯಸ್ಥ ಉಶಿಯಾಮಾ ಓಡಿಬಂದ. "ಗಿರಾಕಿಗಳು ಬಾಗಿಲಿಗೆ ಬಂದಾಯ್ತು. ಪರೀಕ್ಷೆ ನಿಲ್ಸೋಕಾಗಲ್ಲ. ಮೊದಲು ತಪ್ಪು ಯಾರದು ಅಂತ ಪತ್ರ ಬರೀರಿ!"

ಅಲ್ಲಿ ಏನು ಕೆಟ್ಟರೂ ಮೊದಲು ಪತ್ರ, ಆಮೇಲೆ ರಿಪೇರಿ. ಮಿನೋವಾ ಬರೆದ: "ಈ ಶಾಫ್ಟಿನ ಮೇಲ್ಮೈ ಈಗಿರುವ ಸ್ಥಿತಿಗೆ ಹಿರುಕಾವಾ ಒಬ್ಬರೇ ಕಾರಣ. ಇದರಲ್ಲಿ ನನ್ನ ಪಾತ್ರ ಎಳ್ಳಷ್ಟೂ ಇಲ್ಲ." ಸಾಲದೆಂದು, ಸಹಿಯ ಬದಲು ಒತ್ತುವ ತನ್ನ ಹೆಸರಿನ ಮೊಹರನ್ನು ಮೂರು ಕಡೆ ಒತ್ತಿದ. ಕಾಮಿಜೋಳ ಸಾಕ್ಷಿ ಹಾಕಿಸಿದ. ಪಾಪದ ಮುದುಕ ಬಾಗಿ ನಮಸ್ಕರಿಸಿ, ತನ್ನ ಮೊಹರನ್ನೂ ಒತ್ತಿದ.

ಯಂತ್ರ ತಿರುಗಿತು. ಘರ್ಷಣೆಯ ಮುಳ್ಳು ಅರ್ಧಕ್ಕಿಳಿಯಿತು, ಅರ್ಧ ದಾಟಿ ಮೂರನೇ ಒಂದಕ್ಕೂ ಇಳಿಯಿತು! ಮಿನೋವಾನಿಗೆ ತಟ್ಟನೆ ಹೊಳೆಯಿತು: ತಾನು ಕೊರೆದದ್ದೇ ಅತಿ ಆಳ, ಮುದುಕ ಉಜ್ಜಿ ಉಳಿಸಿದ್ದೇ ಸರಿಯಾದ ಆಳ.

"ಈ ಮೇಲ್ಮೈ ಯಾರ ಕೆಲಸ?" ಎಂದರು ಹಿರಿಯ ಗಿರಾಕಿ.

ಮಿನೋವಾ ಟೈ ಸರಿಮಾಡಿಕೊಂಡು ಮುಂದೆ ಬಂದ. "ಅದು, ಮೂರು ತಿಂಗಳಿಂದ ನಾನು..."

"ಎಲ್ಲ ಬರವಣಿಗೆಯಲ್ಲೇ ಇದೆ ಸ್ವಾಮಿ," ಎಂದು ಉಶಿಯಾಮಾ ಪತ್ರ ತೆಗೆದು, ಮೊಹರುಗಳ ಸಮೇತ ಗಟ್ಟಿಯಾಗಿ ಓದಿದ.

ಎಲ್ಲರೂ ಹಿರುಕಾವಾನಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಹಿರಿಯ ಗಿರಾಕಿ ಮಿನೋವಾನ ಭುಜ ತಟ್ಟಿದರು. "ಇನ್ನೊಬ್ಬರ ಕೆಲಸಕ್ಕೆ ತನ್ನ ಹೆಸರು ಹಾಕ್ಕೊಳ್ಳದವನು! ಇಂಥ ಪ್ರಾಮಾಣಿಕ ಎಲ್ಲಿ ಸಿಗ್ತಾನೆ?"

"ಹೌದು ಸ್ವಾಮಿ," ಎಂದ ಉಶಿಯಾಮಾ ಹೆಮ್ಮೆಯಿಂದ. "ನಮ್ಮ ಹೊಕ್ಕೈಡೊ ಗೋದಾಮು ಕಾಯೋಕೆ ಇಂಥವನನ್ನೇ ಹುಡುಕ್ತಿದ್ವಿ."