ತಡೆ ಗುಂಡಿ

ಹುಮನಾಬಾದಿನ ತಿರುಗುವ ಯಂತ್ರಗಳ ಅನುಮತಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕರಾದ ಶ್ರೀ ಮಹಾರುದ್ರಪ್ಪನವರು ಮೊಬೈಲಿನ ಹೊಡೆದಾಟದ ಆಟದಲ್ಲಿ ತಗಡು ದರ್ಜೆಯವರಾಗಿದ್ದರು ಎಂಬುದು ದಾಖಲಾದ ಸಂಗತಿ.

ಹಿಟ್ಟಿನ ಗಿರಣಿ, ಎಣ್ಣೆ ಗಾಣ, ಖಾರ ಬೀಸುವ ಯಂತ್ರ, ಹೀಗೆ ಇದ್ದಲ್ಲೇ ತಿರುಗುವ ಯಾವುದನ್ನಾದರೂ ತಾಲೂಕಿನಲ್ಲಿ ಕೂಡಿಸಬೇಕಾದರೆ ಈ ಕಚೇರಿಯ ಅನುಮತಿ ಬೇಕು. ಅರ್ಜಿದಾರರೂ ತಿರುಗುತ್ತಾರೆ, ನಿಜ. ಆದರೆ ಅವರು ಯಂತ್ರದ ವ್ಯಾಖ್ಯೆಯಲ್ಲಿ ಬರುವುದಿಲ್ಲವಾದ್ದರಿಂದ ಅನುಮತಿ ಇಲ್ಲದೆಯೇ ಎಷ್ಟು ಬೇಕಾದರೂ ತಿರುಗಬಹುದು.

ಮಹಾರುದ್ರಪ್ಪನವರು ಆಟಕ್ಕಿಳಿದದ್ದು ಚಟದಿಂದಲ್ಲ, ಸುತ್ತೋಲೆಯಿಂದ. "ನೌಕರರ ಹೊಟ್ಟೆಯು ಮೇಜಿನ ಅಂಚನ್ನು ಮುಟ್ಟುತ್ತಿರುವುದು ಮೇಲಿನ ಕಚೇರಿಯ ಗಮನಕ್ಕೆ ಬಂದಿರುತ್ತದೆ. ಕಾರಣ ಪ್ರತಿಯೊಬ್ಬ ನೌಕರನೂ ಒಂದು ಕ್ರೀಡೆಯನ್ನು ಆಯ್ದುಕೊಳ್ಳತಕ್ಕದ್ದು. ಅದರಲ್ಲಿ ಬಂಗಾರ ಗಳಿಸಿದವರನ್ನು ಅವರು ಕೇಳಿದ ಊರಿಗೆ ವರ್ಗ ಮಾಡಲಾಗುವುದು" ಎಂದು ಅದರಲ್ಲಿ ಬರೆದಿತ್ತು. ಕಬಡ್ಡಿಗೆ ಎದ್ದು ನಿಲ್ಲಬೇಕಾಗುತ್ತಿತ್ತು. ಕೇರಂ ಬೋರ್ಡಿಗೆ ಅನುದಾನವಿರಲಿಲ್ಲ. ಫೋನು ಹೇಗೂ ಕೈಯಲ್ಲೇ ಇತ್ತು. ಅದರಲ್ಲಿ 'ರಣಕಟ್ಟೆ' ಎಂಬ ಆಟವೊಂದಿದ್ದು, ಎಲ್ಲೋ ಕುಳಿತ ಯಾರೊಡನೆಯೋ ಇಲ್ಲಿಂದಲೇ ಗುದ್ದಾಡಬಹುದಾಗಿತ್ತು. ತಗಡು, ತಾಮ್ರ, ಬೆಳ್ಳಿ ದಾಟಿದರೆ ಬಂಗಾರ ದರ್ಜೆ ಸಿಗುತ್ತಿತ್ತು. ಬಂಗಾರ ಎಂದರೆ ಬಂಗಾರವೇ ಎಂದು ಕಚೇರಿ ಅರ್ಥೈಸಿತು.

ಅವರಿಗೆ ಬೇಕಾದ ಊರು ತಮ್ಮದೇ ಬಸವಕಲ್ಯಾಣ. ಮನೆಯ ಕಟ್ಟೆಯ ಮೇಲೆ ನಿಂತರೆ ಅಲ್ಲಿನ ಶಾಖಾ ಕಚೇರಿಯ ಬೋರ್ಡು ಕಾಣುತ್ತಿತ್ತು. ಆ ಬೋರ್ಡನ್ನು ನೋಡುತ್ತಲೇ ದಿನಾ ಬುತ್ತಿ ಹಿಡಿದು ಹುಮನಾಬಾದಿನ ಬಸ್ಸು ಹತ್ತುತ್ತಿದ್ದರು. ಮಧ್ಯಾಹ್ನ ಒಂದಕ್ಕೆ ಮನೆಗೆ ಹೋಗಿ, ಹಂಚಿನಿಂದ ಇಳಿದ ಬಿಸಿ ರೊಟ್ಟಿಯನ್ನು ಪುಂಡಿ ಪಲ್ಯದ ಜೊತೆ ತಿನ್ನಬೇಕು ಎಂಬುದೊಂದೇ ಅವರ ಆಸೆ. "ಆ ನಸೀಬು ನಿಮ್ಮ ಹಣೀಮ್ಯಾಲ ಬರದಿಲ್ಲ ಬಿಡ್ರಿ" ಎಂದು ಹೆಂಡತಿ ಭುವನೇಶ್ವರಿ ಬುತ್ತಿ ಕಟ್ಟುವಾಗಲೆಲ್ಲ ಅನ್ನುತ್ತಿದ್ದರು. ತಣ್ಣಗಿನ ಡಬ್ಬಿ ಬಿಚ್ಚುವಾಗ ಮಹಾರುದ್ರಪ್ಪನವರಿಗೆ ಖರೇನೇ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೂ ಒಂದು ಗಂಟೆಯ ಊಟವನ್ನು ಅವರು ಒಂದು ನಿಮಿಷವೂ ತಡಮಾಡಿದವರಲ್ಲ.

ಆಟ ಮಾತ್ರ ಕೈ ಹತ್ತಲಿಲ್ಲ. ಅವರು ಗದಾಮಲ್ಲ ಎಂಬ ದಪ್ಪ ಮೀಸೆಯ ಪೈಲ್ವಾನನನ್ನು ಆಯ್ದುಕೊಂಡು, ಎರಡೂ ಹೆಬ್ಬೆರಳುಗಳಿಂದ ಇದ್ದಬದ್ದ ಗುಂಡಿಗಳನ್ನೆಲ್ಲ ಒಟ್ಟಿಗೇ ಒತ್ತುತ್ತಿದ್ದರು. ಗದಾಮಲ್ಲ ಹಾರುತ್ತಿದ್ದ, ಗಾಳಿಗೆ ಒದೆಯುತ್ತಿದ್ದ, ಕೆಳಗಿಳಿಯುವಾಗ ಪೆಟ್ಟು ತಿಂದು ಬೀಳುತ್ತಿದ್ದ. ಬಸ್ಸು ಊರಾಚೆಯ ಸಸ್ತಾಪುರ ಬಂಗ್ಲಾ ನಿಲ್ದಾಣ ಮುಟ್ಟುವಷ್ಟರಲ್ಲಿ ಬೇಕಾದಷ್ಟು ಸೋತಾಗಿರುತ್ತಿತ್ತು. ಕಾರಣ ನೆಟ್‌ವರ್ಕ್ ಎಂದು ಅವರು ನಂಬಿದ್ದರು. ಇಷ್ಟು ವರ್ಷ ಜನರಿಗೆ "ಸರ್ವರ್ ಡೌನ್ ಅದ" ಎಂದು ಹೇಳಿ ಹೇಳಿ ಅವರಿಗೂ ಆ ಮಾತಿನ ಮೇಲೆ ವಿಶ್ವಾಸ ಹುಟ್ಟಿತ್ತು.

ಒಂದು ದಿನ ಕೌಂಟರಿನಲ್ಲಿ ಕೂತು ಸೋಲುತ್ತಿದ್ದಾಗ ಎದುರಿನ ಬೆಂಚಿನಿಂದ ದನಿ ಬಂತು.

"ಸಾಹೇಬ್ರ, ಮತ್ತ ಬಿದ್ರೇನ್ರಿ?"

ಕೇಳಿದವರು ತುಳಜಾಬಾಯಿ. ಘಾಟಬೋರಾಳದಲ್ಲಿ ಕಿರಾಣಿ ಅಂಗಡಿ ಇಟ್ಟವರು. ಅಂಗಡಿಯ ಹಿಂದೆ ಹಿಟ್ಟಿನ ಗಿರಣಿ ತಂದು ಕೂಡಿಸಿ, "ಇನ್ನ ಜ್ವಾಳ ಹೊತಗೊಂಡು ಊರೂರು ಅಲಿಯೂದು ಮುಗೀತು" ಎಂದು ಓಣಿಗೆಲ್ಲ ಸಾರಿದ್ದರು. ಗಿರಣಿ ಅಂದಿನಿಂದಲೂ ಗೋಣಿತಟ್ಟು ಹೊದ್ದುಕೊಂಡು ಕೂತಿತ್ತು. ಗಿರಣಿ ತಿರುಗುತ್ತಿರುವ ಫೋಟೊ ಲಗತ್ತಿಸಿಲ್ಲ ಎಂಬುದು ಕಚೇರಿಯ ಆಕ್ಷೇಪಣೆ. ಅನುಮತಿ ಇಲ್ಲದೆ ತಿರುಗಿಸಿ ಫೋಟೊ ತೆಗೆದರೆ ಅದು ಅಪರಾಧ. ಹೀಗಾಗಿ ಅವರು ಒಂದು ಕೈಯಲ್ಲಿ ಬೀಸಲು ಜೋಳ, ಇನ್ನೊಂದು ಕೈಯಲ್ಲಿ ಅರ್ಜಿ ಹಿಡಿದು ಹುಮನಾಬಾದಿಗೆ ಬರುತ್ತಿದ್ದರು. ಓಣಿಯ ಹೆಂಗಸರು ಬಸ್ ನಿಲ್ದಾಣದಲ್ಲಿ ಆ ಜೋಳದ ಚೀಲ ನೋಡಿ ನಗುವುದು ಅವರಿಗೆ ಬಹಳ ನೋಯುತ್ತಿತ್ತು.

"ನೆಟ್‌ವರ್ಕ್ ಇಲ್ರೀ ಬಾಯೇರ," ಎಂದರು ಮಹಾರುದ್ರಪ್ಪನವರು.

"ನಾನೂ ಇದೇ ನೆಟ್‌ವರ್ಕಿನ್ಯಾಗ ಆಡಾಕತ್ತೇನಿ. ಗೆದ್ದೀನಿ." ತುಳಜಾಬಾಯಿ ಫೋನು ತಿರುಗಿಸಿ ತೋರಿಸಿದರು. ಬೆಳ್ಳಿ ದರ್ಜೆ.

ಮಹಾರುದ್ರಪ್ಪನವರು ಕನ್ನಡಕ ಸರಿಮಾಡಿಕೊಂಡು ಬೆಂಚಿನ ಕಡೆ ಮೊದಲ ಸಲ ನೋಡಿದರು. ಅಲ್ಲಿ ಕೂತವರೆಲ್ಲ ರಣಕಟ್ಟೆ ಆಡುತ್ತಿದ್ದರು. ಬೇಮಳಖೇಡದವರೊಬ್ಬರು ಈಚೆಗೆ ಅರ್ಜಿ ಹಾಕಿದವರಾದ್ದರಿಂದ ಇನ್ನೂ ತಾಮ್ರದಲ್ಲಿದ್ದರು. ಎಣ್ಣೆ ಗಾಣಕ್ಕಾಗಿ ಎಲ್ಲರಿಗಿಂತ ಮೊದಲಿನಿಂದ ಕಾಯುತ್ತಿದ್ದ ನಿರ್ಣಾದ ಸಂಘಪಾಲರು ಬಂಗಾರ ಮುಟ್ಟಿದ್ದರು. ಅರ್ಜಿ ಹಳೆಯದಾದಷ್ಟೂ ದರ್ಜೆ ಮೇಲೇರಿತ್ತು. ಕಚೇರಿ ಸಾರ್ವಜನಿಕರಿಗೆ ಏನೂ ಮಾಡಿಲ್ಲ ಎಂಬ ಆರೋಪದಲ್ಲಿ ಹುರುಳಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಒಪ್ಪಂದ ಅಲ್ಲೇ ಆಯಿತು.

"ನಿಮ್ಮನ್ನ ಬಂಗಾರ ಮಾಡೂದು ನನ್ನ ಜವಾಬ್ದಾರಿ," ಎಂದರು ತುಳಜಾಬಾಯಿ. "ನನ್ನ ಗಿರಣಿ ತಿರುಗಿಸೂದು ನಿಮ್ಮ ಜವಾಬ್ದಾರಿ. ಮಾತಂದ್ರ ಮಾತ್ರಿ."

"ಮಾತಂದ್ರ ಮಾತು," ಎಂದರು ಮಹಾರುದ್ರಪ್ಪನವರು.

ತರಬೇತಿ ಶುರುವಾಯಿತು. ತುಳಜಾಬಾಯಿ ಪರದೆಯ ಮೂಲೆಯಲ್ಲಿದ್ದ ಒಂದು ಗುಂಡಿಯ ಮೇಲೆ ಬೆರಳಿಟ್ಟರು. ಅದರ ಮೇಲೆ 'ತಡೆ' ಎಂದು ಬರೆದಿತ್ತು.

"ಇದನ್ನ ಎಂದೂ ಒತ್ತಿಲ್ಲೇನ್ರಿ ಸಾಹೇಬ್ರ?"

"ಒತ್ತಿದ್ನಿ. ಏನೂ ಆಗೂದಿಲ್ರಿ ಅದರಿಂದ."

"ಏನೂ ಆಗಬಾರ್ದಂತನೇ ಅದ ಅದು. ಎದುರಿನವ ಹೊಡೀಲಾಕ ಬಂದಾಗ ಒತ್ತಿ ಹಿಡಿಬೇಕು. ಅವನ ಏಟು ನಿಮಗ ತಾಗೂದಿಲ್ಲ."

ಮಹಾರುದ್ರಪ್ಪನವರು ತಲೆಯಾಡಿಸಿ ಮತ್ತೆ ಹಾರಿದರು, ಮತ್ತೆ ಬಿದ್ದರು. ತುಳಜಾಬಾಯಿ ನಿಟ್ಟುಸಿರು ಬಿಟ್ಟರು.

"ಸಿಟ್ಟಾಗಬ್ಯಾಡ್ರಿ, ಒಂದು ಮಾತು ಹೇಳ್ತೀನಿ. ಆಟದಾಗ ನೀವು ಅರ್ಜಿದಾರ ಆಗೀರಿ. ಓಡ್ತೀರಿ, ಹಾರ್ತೀರಿ, ಇದ್ದ ಬಾಗಲಾ ಎಲ್ಲಾ ಬಡೀತೀರಿ, ಕಡೀಕ ಕುಂತು ಅಳ್ತೀರಿ. ಅರ್ಜಿದಾರ ಎಂದಾರ ಗೆದ್ದಾನೇನ್ರಿ? ನೀವು ಕಚೇರಿ ಆಗ್ರಿ."

ನೌಕರಿಯಲ್ಲಿ ಇಷ್ಟು ಸ್ಪಷ್ಟವಾದ ಮಾರ್ಗಸೂಚಿ ಮಹಾರುದ್ರಪ್ಪನವರಿಗೆ ಎಂದೂ ಬಂದಿರಲಿಲ್ಲ.

ಮುಂದಿನ ಪಂದ್ಯದಲ್ಲಿ ಎದುರಾಳಿ ಗುದ್ದಿಕೊಂಡು ಬಂದ. ಗದಾಮಲ್ಲ ತಡೆಹಿಡಿದ. ಎದುರಾಳಿ ಒದ್ದ. ಇವನು ತಡೆಹಿಡಿದ. ಎದುರಾಳಿ ಸಿಟ್ಟಿಗೆದ್ದು ಮೈಯೆಲ್ಲ ಬಲ ಹಾಕಿ ದೊಡ್ಡದೊಂದು ಏಟು ಬೀಸಿದ. ಅದನ್ನೂ ತಡೆಹಿಡಿದು, ಅವನು ಕೈ ಹಿಂದಕ್ಕೆಳೆದುಕೊಳ್ಳುವ ಸಂದಿಯಲ್ಲಿ ಮಹಾರುದ್ರಪ್ಪನವರು ಒಂದು ಸಣ್ಣ ಆಕ್ಷೇಪಣೆಯಂಥ ಗುದ್ದು ಹಾಕಿದರು. ಮತ್ತೆ ತಡೆ, ಮತ್ತೆ ಒಂದು ಆಕ್ಷೇಪಣೆ. "ಆಡ್ತಿಯೋ ಇಲ್ಲೋ ಮಾರಾಯ" ಎಂದು ಎದುರಾಳಿ ಪರದೆಯ ಮೇಲೆ ಬರೆದು ಕೇಳಿದ. "ಪರಿಶೀಲನೆಯಲ್ಲಿದೆ" ಎಂದು ಇವರು ಬರೆದರು. ಅವನು ಪಂದ್ಯ ಬಿಟ್ಟು ಹೋದ. ಮಹಾರುದ್ರಪ್ಪನವರು ಮೊದಲ ಬಾರಿಗೆ ಗೆದ್ದರು.

ಎರಡನೆಯ ಪಾಠ ಕಠಿಣವಾಗಿತ್ತು. ಸೋತ ಪಂದ್ಯ ಫೋನಿನಲ್ಲಿ ಉಳಿದಿರುತ್ತದೆ, ಅದನ್ನು ತಿರುಗಿ ನೋಡಬೇಕು ಎಂದರು ತುಳಜಾಬಾಯಿ.

"ಆಗಿ ಹೋದದ್ದು ತಗದು ನೋಡಿದ್ರ ನಮ್ಮದೇ ತಪ್ಪು ಕಾಣ್ತದಲ್ರಿ," ಎಂದರು ಇವರು.

"ಅದಕ್ಕಂತೇ ನೋಡ್ರಿ ಅನ್ನಾಕತ್ತೇನಿ."

ನೋಡಿದರು. ಪ್ರತಿ ಸೋಲಿನಲ್ಲೂ ಮೊದಲು ಹಾರಿದ್ದು ಗದಾಮಲ್ಲನೇ. ನೆಟ್‌ವರ್ಕಿನ ಪಾತ್ರ ಎಲ್ಲಿಯೂ ಕಂಡುಬರಲಿಲ್ಲ. ನೌಕರಿಗೆ ಸೇರಿದ ಮೇಲೆ ಮಹಾರುದ್ರಪ್ಪನವರು ತಮ್ಮ ತಪ್ಪನ್ನು ಕಣ್ಣಾರೆ ಕಂಡದ್ದು ಇದೇ ಮೊದಲು. ಮನಸ್ಸು ಮುದುಡಿತು, ನಾಚಿಕೆಯಾಯಿತು. ಊಟ ಮಾತ್ರ ಒಂದಕ್ಕೇ ಮಾಡಿದರು. ಅಂದಿನಿಂದ ಹಾರುವುದನ್ನು ಬಿಟ್ಟರು. ತಗಡು ಹೋಗಿ ತಾಮ್ರವಾಯಿತು, ಬೆಳ್ಳಿಯಾಯಿತು, ದೀಪಾವಳಿಯ ಹೊತ್ತಿಗೆ ಬಂಗಾರವಾಯಿತು. ಕೂಡಲೇ ವರ್ಗಾವಣೆ ಕೋರಿ ಅರ್ಜಿ ಹಾಕಿದರು. "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಬಂತು. ಆ ಪದ ಇಷ್ಟು ಕೆಟ್ಟದಾಗಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ತುಳಜಾಬಾಯಿ ಪೇಢೆ ತಂದು ಬೆಂಚಿಗೆಲ್ಲ ಹಂಚಿ ಕೌಂಟರಿನ ಮುಂದೆ ನಿಂತರು. ಮಹಾರುದ್ರಪ್ಪನವರು ಪೆನ್ನು ತೆಗೆದರು, ಮುಚ್ಚಳ ತೆಗೆದರು, ರುಜುವಿನ ಮೊದಲ ಅಕ್ಷರಕ್ಕೆ ಕೈಯನ್ನೂ ಇಟ್ಟರು. ಅಷ್ಟರಲ್ಲಿ ಕಚೇರಿಯ ಅಧೀಕ್ಷಕ ಗುರುನಾಥರು ಹೊಸ ಆದೇಶ ಹಿಡಿದು ಹೊರಬಂದು ಗಟ್ಟಿಯಾಗಿ ಓದಿದರು.

"ಕಚೇರಿ ವೇಳೆಯಲ್ಲಿ ನೌಕರರೂ ಅರ್ಜಿದಾರರೂ ಆಟವಾಡುತ್ತಿರುವುದು ಕಂಡುಬಂದಿರುತ್ತದೆ. ಇದನ್ನು ನಿಲ್ಲಿಸುವುದು ಕಷ್ಟಸಾಧ್ಯವಾದ್ದರಿಂದ ಕ್ರಮಬದ್ಧಗೊಳಿಸಲಾಗಿದೆ. ಇನ್ನು ಮುಂದೆ ಪ್ರತಿ ಅರ್ಜಿದಾರನು ಸಂಬಂಧಪಟ್ಟ ಸಹಾಯಕನೊಡನೆ ಒಂದು ಪಂದ್ಯ ಆಡತಕ್ಕದ್ದು. ಗೆದ್ದಲ್ಲಿ ಅನುಮತಿ. ಸೋತಲ್ಲಿ ಮರು ಅರ್ಜಿ. ಅವಧಿ ಮುಗಿದರೂ ಇಬ್ಬರೂ ನಿಂತೇ ಇದ್ದಲ್ಲಿ ಯಥಾಸ್ಥಿತಿ ಕಾಪಾಡತಕ್ಕದ್ದು."

ಮಹಾರುದ್ರಪ್ಪನವರು ಪೆನ್ನಿನ ಮುಚ್ಚಳ ಹಾಕಿದರು.

"ಸಾಹೇಬ್ರ, ನೀವು ಕೊಟ್ಟ ಮಾತು?" ಎಂದರು ತುಳಜಾಬಾಯಿ.

"ಮಾತು ನನ್ನ ಬಾಯಿಂದ ಬಂದಿತ್ರಿ. ಆದೇಶ ಮ್ಯಾಲಿಂದ ಬಂದದ." ಅವರು ತುಳಜಾಬಾಯಿಯ ಮುಖ ನೋಡಲಿಲ್ಲ.

ಸಾರ್ವಜನಿಕರು ಪ್ರತಿಭಟಿಸುತ್ತಾರೆಂದು ಅಧೀಕ್ಷಕರು ಹೆದರಿದ್ದರು. ಹಾಗೇನೂ ಆಗಲಿಲ್ಲ. ಮೊದಲ ಪಂದ್ಯ ಆಡಿ ಸೋತ ಸಂಘಪಾಲರು ಬೆಂಚಿಗೆ ಮರಳಿ, "ಇದೇ ಬರೋಬ್ಬರಿ ಅದ್ರಿ. ಮೊದಲು ಯಾಕ ಆಗ್ಲಿಲ್ಲ ಅಂತ ಯಾರೂ ಹೇಳ್ತಿರ್ಲಿಲ್ಲ. ಈಗ ತಿರುಗಿ ನೋಡಿದ್ರ ಕಾಣ್ತದ" ಎಂದರು. ಎಲ್ಲರೂ ಹೌದೌದೆಂದರು. ಕಚೇರಿಯ ಎದುರು ಚಹಾದ ಅಂಗಡಿಯವರು ಫೋನ್ ಚಾರ್ಜ್ ಮಾಡಲು ಹಲಗೆ ಹೊಡೆದರು.

ಮಹಾರುದ್ರಪ್ಪನವರನ್ನು ಯಾರಿಂದಲೂ ಬೀಳಿಸಲಾಗಲಿಲ್ಲ. ತುಳಜಾಬಾಯಿಯ ಪಂದ್ಯವಂತೂ ನೋಡತಕ್ಕದ್ದಾಗಿತ್ತು. ಅವರ ಕಡೆಯಿಂದ ಕೋಲೂರಿದ ಬಡಕಲು ಮುದುಕ, ಇವರ ಕಡೆಯಿಂದ ಗದಾಮಲ್ಲ. ಇಬ್ಬರೂ ಎದುರುಬದುರು ನಿಂತು ತಡೆಹಿಡಿದರು. ಯಾರೂ ಕೈಯೆತ್ತಲಿಲ್ಲ. ಅವಧಿ ಮುಗಿಯಿತು. ಯಥಾಸ್ಥಿತಿ. ಮರುವಾರ ಮತ್ತೆ ಯಥಾಸ್ಥಿತಿ. ಸಂಕ್ರಾಂತಿ ಕಳೆದರೂ ಯಥಾಸ್ಥಿತಿ.

ತುಳಜಾಬಾಯಿ ಅಂಗಡಿಯಲ್ಲಿ ಕೂತು ಹಳೆಯ ಪಂದ್ಯಗಳನ್ನೆಲ್ಲ ತಿರುಗಿ ನೋಡಿದರು. ಗದಾಮಲ್ಲನ ಆಟದಲ್ಲಿ ಒಂದು ತಪ್ಪೂ ಸಿಗಲಿಲ್ಲ. ತಾನೇ ಕಲಿಸಿದ ವಿದ್ಯೆ ತನಗೇ ಮುಳುವಾಯಿತಲ್ಲ ಎಂದು ಪೇಚಾಡಿದರು. ಕಚೇರಿ ಆಗ್ರಿ ಎಂದು ತಾನೇ ಹೇಳಿದ್ದು, ಅವರು ಪೂರಾ ಕಚೇರಿಯೇ ಆಗಿಬಿಟ್ಟರು. ಗೋಣಿತಟ್ಟು ಹೊದ್ದ ಗಿರಣಿಯ ಕಡೆ ನೋಡುತ್ತ, ಕಚೇರಿ ಏನೇನು ಮಾಡುತ್ತದೆ ಎಂದು ಮೊದಲಿನಿಂದ ನೆನೆಸಿಕೊಂಡರು. ಆಮೇಲೆ ಒಬ್ಬರೇ ನಕ್ಕರು.

ಮರುದಿನ ಅವರು ಕೌಂಟರಿಗೆ ಬಂದಾಗ ಒಂದು ಗಂಟೆಗೆ ಸ್ವಲ್ಪವೇ ಬಾಕಿಯಿತ್ತು.

"ಶುರು ಮಾಡೋಣೇನ್ರಿ?" ಎಂದರು ಮಹಾರುದ್ರಪ್ಪನವರು.

"ಜರಾ ದಮ್ ಹಿಡ್ರಿ ಸಾಹೇಬ್ರ. ಸರ್ವರ್ ಡೌನ್ ಅದ."

ಸರ್ವರ್ ಡೌನ್ ಎಂದ ಮೇಲೆ ಮಾಡುವುದೇನಿದೆ? ಮಹಾರುದ್ರಪ್ಪನವರು ಕಾದರು. ತುಳಜಾಬಾಯಿ ಕನ್ನಡಕ ಒರೆಸಿಕೊಂಡರು, ಸೆರಗು ಸರಿಮಾಡಿಕೊಂಡರು, ಗೋಡೆಯ ಗಡಿಯಾರವನ್ನೊಮ್ಮೆ ನೋಡಿ ಪಂದ್ಯ ಶುರುಮಾಡಿದರು. ಮುದುಕ ತಡೆಹಿಡಿದ. ಗದಾಮಲ್ಲ ತಡೆಹಿಡಿದ. ಗಡಿಯಾರ ಒಂದು ಹೊಡೆಯಿತು.

ಮಹಾರುದ್ರಪ್ಪನವರು ಫೋನನ್ನು ಮೇಜಿನ ಮೇಲಿಟ್ಟು, ಎದ್ದು ಕೈತೊಳೆದು ಬಂದು, ಡಬ್ಬಿ ಬಿಚ್ಚಿದರು. ಪರದೆಯ ಮೇಲೆ ಗದಾಮಲ್ಲ ಕೈಬಿಟ್ಟು ಸುಮ್ಮನೆ ನಿಂತಿದ್ದ. ಮುದುಕ ಕೋಲೂರುತ್ತ ಅವನ ಹತ್ತಿರ ಬಂದ.

"ಸಾಹೇಬ್ರ, ನಿಮ್ಮ ಮಲ್ಲಗ ಹೊಡಿಯಾಕತ್ತೇನಿ," ಎಂದರು ತುಳಜಾಬಾಯಿ. ಹೇಳದೆ ಹೊಡೆಯುವುದು ಅವರ ಮನಸ್ಸಿಗೆ ಒಗ್ಗಲಿಲ್ಲ.

"ಊಟದ ಟೈಮ್ ರಿ," ಎಂದರು ಮಹಾರುದ್ರಪ್ಪನವರು ರೊಟ್ಟಿ ಮುರಿಯುತ್ತ. "ಎರಡಕ್ಕ ಬರ್ರಿ."

ಎರಡಕ್ಕೆ ತುಳಜಾಬಾಯಿ ಬಂದರು. ಗದಾಮಲ್ಲ ಯಾವಾಗಲೋ ಬಿದ್ದಿದ್ದ. ಮಹಾರುದ್ರಪ್ಪನವರು ಬಾಯಿ ಒರೆಸಿಕೊಂಡು, ಪರದೆ ನೋಡಿ, ಅನುಮತಿಗೆ ರುಜು ಹಾಕಿದರು. ಹಾಕುವಾಗ ಅವರಿಗೆ ಹಗುರೆನಿಸಿತು. ಅಂದು ಸಂಜೆ ಘಾಟಬೋರಾಳದಲ್ಲಿ ಗೋಣಿತಟ್ಟು ಜಾರಿತು, ಗಿರಣಿ ತಿರುಗಿತು. ತುಳಜಾಬಾಯಿ ಮೊದಲು ತಮ್ಮದೇ ಚೀಲದ ಜೋಳ ಸುರಿದು, ಬೆಚ್ಚಗಿನ ಹಿಟ್ಟನ್ನು ಬೊಗಸೆಯಲ್ಲಿ ಹಿಡಿದು ಅತ್ತರು. ಓಣಿಯ ಹೆಂಗಸರು ಅವತ್ತು ನಗಲಿಲ್ಲ, ಡಬ್ಬಿ ಹಿಡಿದು ಸಾಲಿಗೆ ನಿಂತರು.

ಸೋಲಿನ ಬಗ್ಗೆ ವಿಚಾರಣೆ ನಡೆಯಿತು. ಮೇಲಿನ ಕಚೇರಿಯವರು ಪಂದ್ಯವನ್ನು ತಿರುಗಿ ತಿರುಗಿ ನೋಡಿ, ಯುದ್ಧದ ನಡುವೆಯೂ ಭೋಜನ ವಿರಾಮ ಪಾಲಿಸಿದ ನೌಕರ ಇಲಾಖೆಯ ಇತಿಹಾಸದಲ್ಲಿ ಇವರೊಬ್ಬರೇ ಎಂದು ಷರಾ ಬರೆದರು. ಮಹಾರುದ್ರಪ್ಪನವರನ್ನು ಹೊಸ ತಡೆ ವಿಭಾಗದ ಅಧೀಕ್ಷಕರನ್ನಾಗಿ ಏರಿಸಿ ಬಸವಕಲ್ಯಾಣಕ್ಕೆ ವರ್ಗ ಮಾಡಿದರು. ಜೊತೆಗೆ ಒಂದು ತಿದ್ದುಪಡಿಯೂ ಬಂತು: "ಮಧ್ಯಾಹ್ನ ಒಂದರಿಂದ ಎರಡರವರೆಗೆ ಕಚೇರಿಯ ಮಲ್ಲನನ್ನು ಹೊಡೆಯತಕ್ಕದ್ದಲ್ಲ." ಜನ ಅದನ್ನೂ ನ್ಯಾಯವೆಂದೇ ಒಪ್ಪಿದರು. ಮಲ್ಲನಿಗೂ ಹೊಟ್ಟೆ ಇರುತ್ತದಲ್ಲ.

ಈಗ ಮಹಾರುದ್ರಪ್ಪನವರು ದಿನಾ ಒಂದಕ್ಕೆ ಮನೆಗೆ ಹೋಗಿ ಬಿಸಿ ರೊಟ್ಟಿ ತಿನ್ನುತ್ತಾರೆ. ಭುವನೇಶ್ವರಿಯವರು ನಸೀಬಿನ ಮಾತು ಎತ್ತುವುದಿಲ್ಲ.

ಗಿರಣಿಯ ಅನುಮತಿಗೆ ವರ್ಷದ ಅವಧಿ. ನವೀಕರಣದ ಅಧಿಕಾರವನ್ನು ಈ ನಡುವೆ ಬಸವಕಲ್ಯಾಣ ಶಾಖೆಗೆ ಕೊಡಲಾಗಿತ್ತು. ಒಂದು ಬೆಳಿಗ್ಗೆ ತುಳಜಾಬಾಯಿ ಅಲ್ಲಿ ಬಂದು ನಿಂತರು.

"ಬರ್ರಿ ಬಾಯೇರ. ಗಿರಣಿ ಹ್ಯಾಂಗ ಅದ್ರಿ?"

"ಅದು ಚೊಲೋ ತಿರುಗಾಕತ್ತದ್ರಿ. ಇನ್ನ ನಾ ತಿರುಗಬೇಕಲ್ರಿ."

ಮಹಾರುದ್ರಪ್ಪನವರು ಗೋಡೆಯ ಮೇಲಿನ ನಿಯಮದ ಫಲಕವನ್ನು ತೋರಿಸಿದರು. ತುಳಜಾಬಾಯಿ ಕನ್ನಡಕ ಏರಿಸಿ ಎರಡು ಸಲ ಓದಿದರು.

"ಊಟದ್ದು ಬರದಾರ. ಸಂಜಿ ಕಚೇರಿ ಬಂದ್ ಆಗೂದರ ಬಗ್ಗೆ ಏನೂ ಬರದಿಲ್ಲಲ್ರಿ?"

"ಇಲ್ರಿ."

"ಹಂಗಾದ್ರ ಕುಂದರ್ತೀನಿ."

ಮಹಾರುದ್ರಪ್ಪನವರು ಬೆಂಚು ಒರೆಸಿಸಿದರು, ತಮ್ಮ ಚಾರ್ಜರನ್ನು ಕೊಟ್ಟರು. ನಂತರ ಪೆನ್ನಿನ ಮುಚ್ಚಳ ತೆಗೆದು, ಸದರಿ ಅರ್ಜಿದಾರರ ಪಂದ್ಯವನ್ನು ಸಂಜೆ ಐದು ಗಂಟೆ ಇಪ್ಪತ್ತೊಂಬತ್ತು ನಿಮಿಷಕ್ಕೆ ನಿಗದಿಪಡಿಸಲಾಗಿದೆ ಎಂದು ಬರೆದು ರುಜು ಹಾಕಿದರು. ಕಚೇರಿ ಮುಚ್ಚುವುದು ಐದೂವರೆಗೆ.