ಬೋಂಡಾನ ಹಾಸಿಗೆ

ಶನಿವಾರ ಬೆಳಿಗ್ಗೆ ಏಳೂವರೆಗೆ ಬೋಂಡಾ ಸೀನಿತು. ಒಂದಲ್ಲ ಎರಡಲ್ಲ, ಸಾಲಾಗಿ ಐದು ಸಲ.

ಬೋಂಡಾ ಎಂದರೆ ಕರಿದು ತಿನ್ನುವುದಲ್ಲ. ಎಂಟನೇ ಕ್ಲಾಸಿನ ಹೇಮಶ್ರೀ ಸಾಕಿಕೊಂಡಿರುವ ಹ್ಯಾಮ್‌ಸ್ಟರ್. ಇಲಿಗೆ ದೂರದ ನೆಂಟ. ಬಾಲ ಇದ್ದೂ ಇಲ್ಲದ ಹಾಗೆ, ಕೆನ್ನೆಯೊಳಗೆ ಎರಡು ಚೀಲ, ಸಿಕ್ಕಿದ್ದೆಲ್ಲ ಆ ಚೀಲಕ್ಕೆ, ಹಗಲೆಲ್ಲ ನಿದ್ದೆ. ಅವಳ ಅಪ್ಪ ಕೊಟ್ರೇಶನಿಗೆ ಅದನ್ನು ನೋಡಿದಾಗಲೆಲ್ಲ ತನ್ನ ಆಫೀಸಿನ ಸೂಪರಿಂಟೆಂಡೆಂಟರ ನೆನಪಾಗುತ್ತಿತ್ತು.

ಹೆಂಡತಿ ಜಗದಾಂಬಾ ಮಗಳನ್ನು ಕರೆದುಕೊಂಡು ಹರಿಹರಕ್ಕೆ ನೆಂಟರ ಮದುವೆಗೆ ಹೋಗಿದ್ದಳು. ಇವತ್ತು ಸಂಜೆ ಆರಕ್ಕೆ ವಾಪಸ್ಸು. ಹೊರಡುವಾಗ ಮಗಳು, "ಅಪ್ಪಾ, ಬೋಂಡಾ ನಿನ್ ಜವಾಬ್ದಾರಿ" ಎಂದಿದ್ದಳು. ಕೊಟ್ರೇಶ ಆ ಜವಾಬ್ದಾರಿಯನ್ನು ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಹೊತ್ತುಕೊಂಡ. ನಿನ್ನೆ ಸಂಜೆ ಪಂಜರ ತೊಳೆದು, ಮಾಗಡಿ ರೋಡಿನ ಬಡಗಿ ಕೆಂಚಪ್ಪನ ಅಂಗಡಿಯಿಂದ ಒಂದು ಚೀಲ ಮರದ ಹೊಟ್ಟು ತಂದು ಹಾಸಿದ. ಘಮಘಮ ಎನ್ನುತ್ತಿತ್ತು. ತಾನೇ ಅದರಲ್ಲಿ ಮಲಗಿಬಿಡೋಣ ಅನ್ನಿಸುವಷ್ಟು ಚೆನ್ನಾಗಿತ್ತು.

ಸೀನು ಕೇಳಿ ಗಾಬರಿಯಾಗಿ ಮಗಳಿಗೆ ವಿಡಿಯೋ ಕಾಲ್ ಮಾಡಿದ.

"ಅಪ್ಪಾ, ಅದೇನ್ ಹಾಸಿದೀಯಾ?"

"ಮರದ ಹೊಟ್ಟು ಕಣೇ. ಒಳ್ಳೆ ಪೈನ್ ಮರದ್ದಂತೆ. ಏನ್ ವಾಸ್ನೆ ಅಂತೀಯಾ!"

"ಅಯ್ಯೋ! ಆ ವಾಸ್ನೇನೇ ಅದಕ್ಕೆ ವಿಷ ಅಪ್ಪಾ! ಉಸಿರಾಟಕ್ಕೆ ತೊಂದ್ರೆ ಆಗುತ್ತೆ. ಈಗ್ಲೇ ತೆಗಿ!"

"ತೆಗ್ದು ಹತ್ತಿ ಹಾಕ್ಲಾ? ಮೆತ್ತಗಿರುತ್ತೆ."

"ಹತ್ತೀನಾ? ಅದರ ನಾರು ಕಾಲಿಗೆ ಸುತ್ಕೊಳುತ್ತೆ. ನುಂಗಿದ್ರೆ ಹೊಟ್ಟೆ ಕಟ್ಕೊಳುತ್ತೆ."

"ಹಳೇ ಬಟ್ಟೆ?"

"ಅದೂ ದಾರ ಬಿಡುತ್ತೆ. ಪ್ರಿಂಟ್ ಇಲ್ದಿರೋ ಬಿಳಿ ಪೇಪರ್ ಬೇಕು ಅಪ್ಪಾ. ಮೆತ್ತಗಿರ್ಬೇಕು. ಸೆಂಟ್ ಇರ್ಬಾರ್ದು, ಧೂಳಿರ್ಬಾರ್ದು. ಅದು ಬಿಲ ತೋಡೋ ಅಷ್ಟು ದಪ್ಪ ಹಾಸ್ಬೇಕು." ಮಗಳು ಫೋನನ್ನು ಮುಖದ ಹತ್ತಿರ ತಂದಳು. "ಬೋಂಡಾಗೇನಾದ್ರೂ ಆದ್ರೆ ನಾನ್ ನಿನ್ ಹತ್ರ ಮಾತಾಡಲ್ಲ, ನೋಡು."

ಫೋನ್ ಇಟ್ಟ ಕೊಟ್ರೇಶ ಒಂದು ನಿಮಿಷ ತನ್ನ ಹಾಸಿಗೆಯನ್ನೇ ನೋಡುತ್ತ ಕೂತ. ಹನ್ನೊಂದು ವರ್ಷದ ಹಾಸಿಗೆ, ನಡುವೆ ಗುಂಡಿ ಬಿದ್ದಿದೆ. ಅದರ ಧೂಳಿನ ಬಗ್ಗೆ, ತನ್ನ ಬೆನ್ನಿನ ಬಗ್ಗೆ ಈ ಮನೆಯಲ್ಲಿ ಇಲ್ಲಿಯವರೆಗೆ ಯಾರೂ ಕೇಳಿದ್ದಿಲ್ಲ. ಇರಲಿ, ತನಗೇನು ಕೆನ್ನೆಯಲ್ಲಿ ಚೀಲ ಇದೆಯೇ ಎಂದುಕೊಂಡು ಎದ್ದ.

ಕಷ್ಟ ಹಾಸಿಗೆ ಒಂದರದ್ದೇ ಆಗಿದ್ದರೆ ಚಿಂತೆ ಇರಲಿಲ್ಲ. ಮಹಡಿಯಲ್ಲಿ ಮನೆ ಓನರ್ ಮುನಿಯಪ್ಪ ಮತ್ತು ಅವರ ಹೆಂಡತಿ ಮುನಿಲಕ್ಷ್ಮಮ್ಮ ಇದ್ದರು. ಬಾಡಿಗೆ ಕರಾರಿನ ಒಂಬತ್ತನೇ ಅಂಶ ಹೀಗಿತ್ತು: 'ಮನೆಯಲ್ಲಿ ಯಾವುದೇ ಸಾಕುಪ್ರಾಣಿಗಳನ್ನು ಇಟ್ಟುಕೊಳ್ಳತಕ್ಕದ್ದಲ್ಲ.' ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದ ಕೊಟ್ರೇಶನಿಗೆ ದೇವರಿಗಿಂತ 'ತಕ್ಕದ್ದಲ್ಲ' ಎಂಬ ಪದದ ಭಯ ಹೆಚ್ಚು. ಗೋವಿಂದರಾಜನಗರದಲ್ಲಿ ಮಗಳ ಸ್ಕೂಲಿಗೆ ನಡೆದು ಹೋಗುವಷ್ಟು ಹತ್ತಿರ, ನೀರಿಗೆ ಪರದಾಟವಿಲ್ಲದ ಈ ಕೆಳಮನೆ ಸಿಗುವಷ್ಟರಲ್ಲಿ ಅವನ ಎರಡು ಜೊತೆ ಚಪ್ಪಲಿ ಸವೆದಿದ್ದವು. ಇಲಿಮರಿಯ ದೆಸೆಯಿಂದ ಮನೆ ಹೋದರೆ? ನಾಲ್ಕು ತಿಂಗಳಿಂದ ಬೋಂಡಾ ಮಲಗುವ ಕೋಣೆಯಲ್ಲಿ ಕಳ್ಳ ಸಾಮಾನಿನಂತೆ ಅಡಗಿತ್ತು.

ಹೊಟ್ಟನ್ನೆಲ್ಲ ಚೀಲಕ್ಕೆ ತುಂಬಿ, ಕಿಟಕಿ ತೆರೆದಿಟ್ಟು, ಪಂಜರದ ತಳಕ್ಕೆ ಸದ್ಯಕ್ಕೆ ನಾಲ್ಕು ಬಿಳಿ ಹಾಳೆ ಹರಿದು ಹಾಕಿ ಕೊಟ್ರೇಶ ವಿಜಯನಗರದ ಪ್ರಾಣಿಗಳ ಅಂಗಡಿಗೆ ಹೋದ. ಅಲ್ಲಿ ಕಾಗದದ ಹಾಸು ಮುಗಿದಿತ್ತು. "ಇದು ತಗೊಳ್ಳಿ ಸಾರ್, ಲ್ಯಾವೆಂಡರ್ ಫ್ಲೇವರು, ತುಂಬಾ ಮೂವಿಂಗ್ ಇದೆ" ಎಂದು ಅಂಗಡಿಯವನು ಒಂದು ಪೊಟ್ಟಣ ಕೊಟ್ಟ. ಮೂಸಿ ನೋಡಿದ ಕೊಟ್ರೇಶನಿಗೇ ಸೀನು ಬಂತು. ವಾಪಸ್ಸು ಕೊಟ್ಟ.

ಮನೆ ಹತ್ತಿರದ ಮೆಡಿಕಲ್ ಸ್ಟೋರಿನಲ್ಲಿ ಬಿಳಿ ಟಿಶ್ಯೂ ರೋಲುಗಳಿದ್ದವು. "ಒಂದ್ ಡಜನ್ ಕೊಡಿ. ಸೆಂಟ್ ಇರ್ಬಾರ್ದು, ಧೂಳು ಬರ್ಬಾರ್ದು. ಉಸಿರಾಟದ ತೊಂದ್ರೆ ಇದೆ, ತುಂಬಾ ಚಿಕ್ಕದು, ಪಾಪ" ಎಂದು ಎಚ್ಚರಿಕೆಯಿಂದ ಬಿಡಿಸಿ ಹೇಳಿದ.

"ಯಾರಿಗ್ರೀ ಉಸಿರಾಟದ ತೊಂದ್ರೆ?"

ಹಿಂದೆ ನಿಂತಿದ್ದವರು ಪಕ್ಕದ ಮನೆಯ ಸೇತುರಾಮ ಮೇಷ್ಟ್ರು. ರಿಟೈರ್ ಆದಮೇಲೆ ಅವರು ಬೀದಿಯನ್ನೇ ಕ್ಲಾಸ್‌ರೂಮು ಮಾಡಿಕೊಂಡು ದಿನಾ ಹಾಜರಿ ತೆಗೆದುಕೊಳ್ಳುತ್ತಿದ್ದರು.

"ಅದು... ಮನೇಲಿ..."

"ಮಗೂನಾ?"

ಇಲ್ಲ ಎನ್ನಬಹುದಿತ್ತು. ನನಗೇ ನೆಗಡಿ ಎನ್ನಬಹುದಿತ್ತು. ಆದರೆ ಗಾಬರಿಯಲ್ಲಿ ಬಾಯಿಗೆ ಸಿಕ್ಕಿದ್ದು ಒಂದೇ ಒಂದು ಅಕ್ಷರ. "ಹೂಂ" ಅಂದುಬಿಟ್ಟ ಕೊಟ್ರೇಶ. ಹೂಂ ಅಂದಮೇಲೆ ಅದಕ್ಕೊಂದು ವಂಶಾವಳಿ ಬೇಕಲ್ಲ? ಅಣ್ಣನ ಮಗಳ ಕೂಸು, ದಿನ ತುಂಬುವ ಮೊದಲೇ ಹುಟ್ಟಿದ್ದು, ಇಲ್ಲಿನ ಡಾಕ್ಟರಿಗೆ ತೋರಿಸಬೇಕು, ಸಂಜೆ ಜಗದಾಂಬಾ ಜೊತೆ ಬರುತ್ತೆ, ಒಂದಷ್ಟು ದಿನ ಇಲ್ಲೇ ಇರುತ್ತೆ, ಈ ಪೇಪರು ಅದಕ್ಕೆ ಹಾಸೋಕೆ. ಮೇಷ್ಟ್ರು ಕೇಳುತ್ತ ಹೋದರು, ಇವನು ಹೆರುತ್ತ ಹೋದ.

ರೋಲುಗಳ ಮೂಟೆ ಹೊತ್ತು ಅವನು ಮನೆ ತಲುಪುವ ಹೊತ್ತಿಗೆ ಸುದ್ದಿ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿತ್ತು. ಮುನಿಲಕ್ಷ್ಮಮ್ಮ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದರು.

"ಎಳೇ ಕೂಸಿಗೆ ಯಾರಾದ್ರೂ ಪೇಪರ್ ಹಾಸ್ತಾರಾ ಕೊಟ್ರೇಶಪ್ಪಾ? ಬುದ್ಧಿ ಎಲ್ಲಿಟ್ಟಿದ್ದೀಯಾ?"

"ಡಾಕ್ಟ್ರು ಹೇಳಿದ್ರು ಅಮ್ಮಾ..."

"ಡಾಕ್ಟ್ರಿಗೇನ್ ಗೊತ್ತು, ಅವರಮ್ಮನ್ನ ಕೇಳು. ಕೂಸಿಗೆ ಹೊಸ ಬಟ್ಟೆ ಸೋಕಿಸ್ಬಾರ್ದು, ಪೇಪರ್ ಅಂತೂ ಬೇಡ್ವೇ ಬೇಡ. ನೂರು ಸಲ ಒಗ್ದು ಬೆಣ್ಣೆ ಥರಾ ಆಗಿರೋ ಹಳೇ ಸೀರೆ ಹಾಸ್ಬೇಕು. ನನ್ ಹತ್ರ ಇದೆ, ತರ್ತೀನಿ ಇರು."

ಬೇಡ ಎನ್ನುವುದಕ್ಕೆ ಬಿಟ್ಟರೆ ತಾನೆ? ಹತ್ತು ನಿಮಿಷದಲ್ಲಿ ನಾಲ್ಕು ಹಳೇ ಸೀರೆ ಕೆಳಗಿಳಿದವು. ಅವುಗಳ ಹಿಂದೆ ಅಟ್ಟದಿಂದ ಒಂದು ಮರದ ತೊಟ್ಟಿಲು ಇಳಿಯಿತು. ಅದರ ಹಿಂದೆ ಮುನಿಯಪ್ಪನವರು ಏಣಿ, ಹಗ್ಗ ಹಿಡಿದು ಬಂದು ಕೆಳಮನೆಯ ಹಾಲಿನ ಸೂರಿನ ಕೊಂಡಿಗೆ ತೊಟ್ಟಿಲು ಕಟ್ಟತೊಡಗಿದರು. ಸೇತುರಾಮ ಮೇಷ್ಟ್ರು ಕೆಳಗೆ ನಿಂತು, ಗಂಟು ಎಡಕ್ಕೆ ಹಾಕಿ, ಬಲಕ್ಕೆ ಹಾಕಿ ಎಂದು ಪಾಠ ಮಾಡಿದರು.

"ಇದ್ರಲ್ಲೇ ನಮ್ ಮಧು ಮಲಗ್ತಿದ್ದಿದ್ದು" ಎಂದರು ಮುನಿಲಕ್ಷ್ಮಮ್ಮ, ತೊಟ್ಟಿಲ ಬಳೆಗಳನ್ನು ಸೆರಗಿನಿಂದ ಒರೆಸುತ್ತ. ಮಧುಕುಮಾರ ಅವರ ಒಬ್ಬನೇ ಮಗ, ಕೆಂಗೇರಿಯಲ್ಲಿದ್ದಾನೆ. "ಅವನಿಗೆ ಮದುವೆ ಆಗಿ ಒಂಬತ್ತು ವರ್ಷ ಆಯ್ತು. ಇದು ಅಟ್ಟದ ಮೇಲೇ ಇತ್ತು. ನಮ್ಮನೇದೋ ನಿಮ್ಮನೇದೋ, ಒಟ್ನಲ್ಲಿ ಒಂದು ಕೂಸು ಮಲಗಿದ್ರೆ ಸಾಕು ಅನ್ನಿಸ್ಬಿಟ್ಟಿದೆ ಕಣಪ್ಪಾ."

ಆ ಮಾತು ಕೇಳಿ ಕೊಟ್ರೇಶ ತೊಟ್ಟಿಲಿನಿಂದ ಕಣ್ಣು ತೆಗೆದು ನೆಲ ನೋಡಿದ. ಒಂದು 'ಹೂಂ' ಇಷ್ಟು ದೂರ ಬರುತ್ತದೆ ಎಂದು ಅವನು ಎಣಿಸಿರಲಿಲ್ಲ. ಅಷ್ಟರಲ್ಲಿ ಕೋಣೆಯೊಳಗಿಂದ ಸಣ್ಣದಾಗಿ ಸೀನಿನ ಶಬ್ದ ಬಂತು. ಕೊಟ್ರೇಶ ತಕ್ಷಣ ದೊಡ್ಡದಾಗಿ ಸೀನಿದ. ಒಳಗೆ ಇನ್ನೊಂದು. ಇವನೂ ಇನ್ನೊಂದು.

"ನಿಮಗೂ ನೆಗಡಿನಾ? ಹಂಗಾದ್ರೆ ಕೂಸನ್ನ ಎತ್ಕೋಬೇಡಿ" ಎಂದರು ಮೇಷ್ಟ್ರು.

"ಎಲ್ಲಾದಕ್ಕೂ ಒಂದೇ ಮದ್ದು" ಎಂದು ಮುನಿಲಕ್ಷ್ಮಮ್ಮ ಮೇಲೆ ಹೋದರು. ಕೆಳಗೆ ಬಂದಾಗ ಅವರ ಕೈಯಲ್ಲಿ ಕೆಂಡದ ಧೂಪಾರತಿ ಇತ್ತು. ಅದರ ಮೇಲೆ ಹಿಡಿ ತುಂಬ ಸಾಂಬ್ರಾಣಿ. ಹೊಗೆ ಹಾಲಿನ ತುಂಬ ಮೋಡದ ಹಾಗೆ ಎದ್ದಿತು. ತೊಟ್ಟಿಲಿಗೆ ತೋರಿಸಿದರು, ಸೀರೆಗಳಿಗೆ ತೋರಿಸಿದರು.

"ಕೂಸು ರಾತ್ರಿ ಮಲಗೋ ರೂಮ್ ಇದೇ ತಾನೆ? ಬಾಗ್ಲು ತೆಗಿಯಪ್ಪಾ. ಒಂದ್ ಅರ್ಧ ಗಂಟೆ ಕಿಟಕಿ ಮುಚ್ಚಿ ಹೊಗೆ ನಿಲ್ಲಿಸ್ಬೇಕು."

ಕೊಟ್ರೇಶ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಮರದ ವಾಸನೆಯನ್ನೇ ತಡೆಯದ ಜೀವ, ಅಂಗೈಯಷ್ಟೂ ಇಲ್ಲ. ಅರ್ಧ ಗಂಟೆ ಈ ಹೊಗೆಯಲ್ಲಿದ್ದರೆ ಸಂಜೆ ಮಗಳಿಗೆ ಏನನ್ನು ತೋರಿಸುವುದು? ಬಾಗಿಲು ತೆಗೆದರೆ ಬೋಂಡಾ ಹೋಗುತ್ತದೆ, ಬಾಯಿ ತೆಗೆದರೆ ಮನೆ ಹೋಗುತ್ತದೆ. ಒಂಬತ್ತನೇ ಅಂಶ ಕಣ್ಣ ಮುಂದೆ ಸುಳಿಯಿತು. ಮಗಳ ಮುಖವೂ ಸುಳಿಯಿತು.

"ಹೊಗೆ ಬೇಡಮ್ಮಾ" ಎಂದ. "ಕೂಸೂ ಇಲ್ಲ, ಏನೂ ಇಲ್ಲ. ನಾನ್ ಸುಳ್ಳು ಹೇಳ್ದೆ. ಒಳಗಿರೋದು ನನ್ ಮಗಳು ಸಾಕಿರೋ ಹ್ಯಾಮ್‌ಸ್ಟರು. ಒಂಥರಾ ಇಲಿ. ಆ ಪೇಪರೆಲ್ಲ ಅದರ ಹಾಸಿಗೆಗೆ. ತಪ್ಪಾಯ್ತು."

ಹಾಲಿನಲ್ಲಿ ಹೊಗೆಯೊಂದೇ ಓಡಾಡುತ್ತಿತ್ತು. ಮುನಿಲಕ್ಷ್ಮಮ್ಮ ಧೂಪಾರತಿಯನ್ನು ಬೀದಿಗೆ ಒಯ್ದು ಇಟ್ಟು ಬಂದರು. ಫ್ಯಾನ್ ಹಾಕಿ, ಹೊಗೆ ಹೋಗುವ ತನಕ ನಿಂತಿದ್ದು, ಕೋಣೆಯ ಬಾಗಿಲು ತಾವೇ ಸರಿಸಿ ಒಳಗೆ ನೋಡಿದರು. ಬೋಂಡಾ ಎರಡು ಕಾಲ ಮೇಲೆ ನಿಂತು ಅವರನ್ನೇ ನೋಡಿ, ಸೀನಿತು.

"ಅಯ್ಯೋ ಕಂದಾ" ಎಂದರು. ಕಣ್ಣು ತುಂಬಿಕೊಂಡಿತ್ತು. ನೆಲದ ಮೇಲೆ ಕೂತು, ಒಂದು ರೋಲು ತೆಗೆದುಕೊಂಡು ಉದ್ದುದ್ದಕ್ಕೆ ಹರಿಯತೊಡಗಿದರು. "ಎಷ್ಟ್ ದಪ್ಪ ಹಾಕ್ಬೇಕು ಇದಕ್ಕೆ?"

"ಒಂದ್ ಗೇಣು ಅಮ್ಮಾ" ಎಂದ ಕೊಟ್ರೇಶ, ನಾಚಿಕೆಯಿಂದ ಕುಗ್ಗಿಹೋಗಿ.

ಮುನಿಯಪ್ಪನವರು ಏಣಿಯಿಂದ ಇಳಿದು ಬಂದು ಪಂಜರದೊಳಗೆ ಇಣುಕಿದರು. ಕೊಟ್ರೇಶ ಕಣ್ಣು ಮುಚ್ಚಿಕೊಂಡ. ಕೇಳಿಸಿದ್ದು ನಗು.

"ಇಷ್ಟಕ್ಕೆ ಇಷ್ಟೆಲ್ಲಾನಾ? ಇಲಿ ಅಂತ ಹೇಳಿದ್ರೆ ಆಗ್ತಿತ್ತಲ್ಲಪ್ಪಾ!"

"ಕರಾರಿನಲ್ಲಿ... ಒಂಬತ್ತನೇ ಅಂಶ..."

"ಯಾವ ಅಂಶಾನೋ. ಟೈಪ್ ಮಾಡೋನು ಎಲ್ಲಾರ ಮನೆಗೂ ಅದೇ ಬರ್ದು ಕೊಡ್ತಾನೆ. ನಾನು ಇವತ್ತಿನ ತನಕ ಓದಿಲ್ಲ. ನೀನ್ ನಿಂತಿದೀಯಲ್ಲ, ಈ ರೂಮು, ಇದೇ ಜಾಗದಲ್ಲಿ ನಮ್ಮಪ್ಪ ನಾಲ್ಕು ಎಮ್ಮೆ ಕಟ್ತಿದ್ರು. ಕರು ಹಾಕಿದಾಗ ನಾನೇ ಒಣ ಹುಲ್ಲು ಹಾಸ್ತಿದ್ದೆ. ಬೂಷ್ಟು ಹಿಡ್ದ ಹುಲ್ಲು ಹಾಕಿದ್ರೆ ಕರೂಗೂ ಹಿಂಗೇ ಕೆಮ್ಮು ಬರೋದು. ಇಟ್ಕೋ, ಚೆನ್ನಾಗಿ ಸಾಕು."

ಕೊಟ್ರೇಶನ ಎದೆಯ ಮೇಲಿಂದ ಬಂಡೆ ಎತ್ತಿದ ಹಾಗಾಯಿತು. ನಾಲ್ಕು ತಿಂಗಳು ಸುಮ್ಮನೆ ಹೆದರಿದೆನಲ್ಲ, ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು, ನಗುವೂ ಬಂತು. ಮೇಷ್ಟ್ರು ಈ ಹೊಸ ಸುದ್ದಿಯನ್ನು ಹಂಚಲು ಆಗಲೇ ಗೇಟು ದಾಟಿದ್ದರು.

ಮುನಿಯಪ್ಪನವರು ಹೋಗಲಿಲ್ಲ. ಬಾಗಿಲಿಗೆ ಒರಗಿ ನಿಂತು ಗಂಟಲು ಸರಿಮಾಡಿಕೊಂಡರು.

"ಇನ್ನೊಂದ್ ವಿಷ್ಯ ಕೊಟ್ರೇಶಪ್ಪಾ. ಹೆಂಗ್ ಹೇಳೋದೋ ಗೊತ್ತಾಗ್ತಿಲ್ಲ. ಮಧು ಈ ಕೆಳಮನೇಲಿ ಆಫೀಸ್ ಮಾಡ್ಕೋತಾನಂತೆ. ಎರಡು ತಿಂಗಳಲ್ಲಿ ಖಾಲಿ ಮಾಡ್ಸಿ ಅಂತ ಒಂದು ವಾರದಿಂದ ಬೆನ್ನು ಹತ್ತಿದ್ದ. ಇವತ್ತು ಬೆಳಿಗ್ಗೆ ಅದನ್ನೇ ಹೇಳೋಣ ಅಂತ ಕೆಳಗೆ ಬರ್ತಿದ್ದೆ. ಅಷ್ಟರಲ್ಲಿ ಮೇಷ್ಟ್ರು ಕೂಸಿನ ಸುದ್ದಿ ತಂದ್ರು."

ಕೊಟ್ರೇಶನ ನಗು ಅರ್ಧಕ್ಕೇ ನಿಂತಿತು.

"ಎಳೇ ಕೂಸು, ಹುಷಾರಿಲ್ಲದ್ದು. ಅಂಥ ಮನೇನ ಖಾಲಿ ಮಾಡಿ ಅನ್ನೋಕೆ ಬಾಯಿ ಬರುತ್ತಾ? ಇವಳಂತೂ ಹಟ ಹಿಡಿದ್ಲು. ಮಧೂಗೆ ಫೋನ್ ಮಾಡಿ, ಒಂದೆರಡು ವರ್ಷ ಆಫೀಸ್ ಮಾತೆತ್ತಬೇಡ ಅಂತ ಬೈದು ಇಟ್ಟಿದ್ದೆ." ಮುನಿಯಪ್ಪನವರು ಪಾಪ, ನಿಜವಾಗಿಯೂ ಬೇಜಾರಿನಿಂದಲೇ ಜೇಬಿನಿಂದ ಫೋನ್ ತೆಗೆದರು. "ಈಗ ಕೂಸಿಲ್ಲವಲ್ಲಪ್ಪಾ. ಅವನಿಗೆ ಏನಂತ ಹೇಳ್ಲಿ? ಇಲಿ ಇದೆ ಅಂದ್ರೆ ಕೇಳ್ತಾನಾ?"

ಮುನಿಲಕ್ಷ್ಮಮ್ಮ ತಲೆ ಎತ್ತಲಿಲ್ಲ. ಟಿಶ್ಯೂ ಹರಿಯುತ್ತಲೇ ಇದ್ದರು.

ಸಂಜೆ ಆರೂಕಾಲಿಗೆ ಹೇಮಶ್ರೀ ಬ್ಯಾಗನ್ನು ಬಾಗಿಲಲ್ಲೇ ಎಸೆದು ಕೋಣೆಗೆ ಓಡಿದಳು. ಗೇಣು ದಪ್ಪದ ಬಿಳಿ ಕಾಗದದ ರಾಶಿಯೊಳಗೆ ಬಿಲ ತೋಡಿಕೊಂಡು, ಬೋಂಡಾ ಸೀನದೆ ಕೆಮ್ಮದೆ ಹಾಯಾಗಿ ಮಲಗಿತ್ತು. ಹಿಂದಿನಿಂದ ಬಂದ ಜಗದಾಂಬಾ ಹಾಲಿನಲ್ಲಿ ತೂಗುತ್ತಿದ್ದ ತೊಟ್ಟಿಲನ್ನೂ ಗಂಡನನ್ನೂ ಒಂದೊಂದು ಸಲ ನೋಡಿ, "ರೀ, ಏನಿದು?" ಎಂದಳು.

"ಅಪ್ಪಾ, ಯು ಆರ್ ದಿ ಬೆಸ್ಟ್!" ಮಗಳು ಓಡಿ ಬಂದು ಅವನ ಸೊಂಟ ತಬ್ಬಿಕೊಂಡಳು. "ಎಷ್ಟ್ ಚೆನ್ನಾಗ್ ಹಾಸಿದೀಯಾ! ಅದಕ್ಕೆ ಈ ಮನೆ ಪೂರ್ತಿ ಒಗ್ಗಿಹೋಗಿದೆ. ಇನ್ಮೇಲೆ ಏನೇ ಆದ್ರೂ ಜಾಗ ಬದಲಾಯಿಸ್ಬಾರ್ದು ಅಪ್ಪಾ, ಹೆದರ್ಕೊಂಡ್ ಬಿಡುತ್ತೆ. ಇಲ್ಲೇ ಇರ್ಬೇಕು. ಆಯ್ತಾ?"

ಇಲ್ಲ ಎನ್ನಬಹುದಿತ್ತು. ಅಳುಕುತ್ತಲಾದರೂ ಎರಡು ತಿಂಗಳಲ್ಲಿ ಮನೆ ಬಿಡಬೇಕಾದ ಮಾತನ್ನು ಹೇಳಬಹುದಿತ್ತು. ಮಗಳ ಮುಖ ನೋಡಿ ಕೊಟ್ರೇಶ, "ಹೂಂ" ಅಂದ.